ಫ್ಯಾಮಿಲಿ ರೂಮಿನ ಪರದೆ

ಹೋಟೆಲಿನಲ್ಲಿ ದುಡಿಯುವವನಿಗೆ ನಗಲು ಪುರುಸೊತ್ತಿರುವುದಿಲ್ಲ. ನಗುವ ಸಂಗತಿಗಳಿಗೇನೂ ಬರವಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಹಿಂಬದಿಯಲ್ಲಿ ಪರದೆ ಹಾಕಿದ ಕೋಣೆ, ಮೇಲೆ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡು. ಫ್ಯಾಮಿಲಿ ಅಂದರೆ ಯಾರೆಂದು ಬೋರ್ಡಿನಲ್ಲಿ ಇರಲಿಲ್ಲ. ಧಣಿಗಳು ಮಾತ್ರ ಖಡಾಖಂಡಿತ: “ಗಂಡ-ಹೆಂಡತಿ ಅಂತ ಎಲ್ಲರೂ ಹೇಳ್ತಾರೆ, ನಂಬಬೇಡ. ಬೇರೆಯವರು ಕೂತದ್ದು ಕಂಡರೆ ಅದೇ ದಿನ ನಿನಗೆ ಊರಿನ ಬಸ್ಸು.”

ನನ್ನ ಊರು ಬೆಳ್ಮಣ್. ಅಲ್ಲಿಗೆ ಬಸ್ಸು ಬೇಕಾದಷ್ಟು ಉಂಟು, ಅಲ್ಲಿ ಕೆಲಸ ಇಲ್ಲ.

ಕಾಪುವಿನ ಅಕ್ಕ

ಮೀನು ಮಾರಿ ಮುಗಿಸಿದ ಕಾಪುವಿನ ಹೆಂಗಸೊಬ್ಬಳು ನೇರ ಒಳಗೆ ಹೋಗಿ ಫ್ಯಾನಿನ ಅಡಿ ಕೂತಳು.

“ಅಕ್ಕಾ, ಇದು ಫ್ಯಾಮಿಲಿ ರೂಮ್. ನಿಮ್ಮ ಫ್ಯಾಮಿಲಿ ಎಲ್ಲಿ?”

“ಮನೆಯಲ್ಲಿ ಗೊರಕೆ ಹೊಡೀತಾ ಉಂಟು. ಎಬ್ಬಿಸಿ ತರಬೇಕಾ?”

ನಾನು ಚಾ ತಂದುಕೊಟ್ಟೆ.

ಮಣಿಪಾಲದ ಅಣ್ಣ-ತಂಗಿ

ಕಾಲೇಜಿನ ಜೋಡಿ. “ನಾವು ಅಣ್ಣ-ತಂಗಿ” ಎಂದ ಹುಡುಗ. ನನಗೂ ತಂಗಿ ಇದ್ದಾಳೆ; ಕೊನೆಯ ಒಂದು ವಡೆಗೆ ನಮ್ಮಲ್ಲಿ ಕುರುಕ್ಷೇತ್ರವೇ ಆಗುತ್ತದೆ. ಇವರೋ “ನಿನಗೆ ಎಂತ ಬೇಕು?”, “ನೀನು ಹೇಳಿದ್ದೇ” ಎಂದು ಅರ್ಧ ಗಂಟೆ ಕಳೆದರು. ಅಂದಿನಿಂದ ನನಗೊಂದು ಸೂತ್ರ ಸಿಕ್ಕಿತು: ಕೇಳದೆ ಇಬ್ಬರಿಗೂ ತಾನೇ ಆರ್ಡರ್ ಕೊಟ್ಟರೆ ಗಂಡ, ಕೇಳಿದರೆ ಖಂಡಿತ ಅಲ್ಲ.

ಧಣಿಗಳ ಸರದಿ

ಧಣಿಗಳ ಮನೆ ಕಾರ್ಕಳದಲ್ಲಿ. ಅವರ ಮನೆಯವರನ್ನು ನಾವ್ಯಾರೂ ನೋಡಿರಲಿಲ್ಲ. ಒಂದು ಮಧ್ಯಾಹ್ನ ಧಣಿಗಳೇ, ತಲೆತುಂಬ ಮಲ್ಲಿಗೆ ಮುಡಿದ ಒಬ್ಬ ಹೆಂಗಸಿನ ಜೊತೆ ಪರದೆಯೊಳಗೆ ಹೋದರು. ನೀರು ಹಿಡಿದು ಹೋದರೆ ಕೇಳಿಸಿದ್ದು, “ನಿನಗೆ ಎಂತ ಬೇಕು, ಹೇಳು.”

ನನ್ನ ಸೂತ್ರದ ಪ್ರಕಾರ ಇವರು ಗಂಡ-ಹೆಂಡತಿ ಅಲ್ಲ. ಅಡುಗೆ ಭಟ್ಟರಲ್ಲಿಗೆ ಓಡಿದೆ.

“ಧಣಿಗಳು ನಿನ್ನನ್ನು ಪರೀಕ್ಷೆ ಮಾಡ್ತಿದ್ದಾರೆ ಮಾರಾಯ! ಅದು ಯಾರೆಂದು ಕೇಳದಿದ್ದರೆ ಕೆಲಸ ಹೋಯಿತು” ಎಂದರು ಭಟ್ಟರು.

ಧೈರ್ಯ ಮಾಡಿ ಪರದೆ ಸರಿಸಿದೆ. “ಧಣಿ, ಇದು ಫ್ಯಾಮಿಲಿಗೆ ಮಾತ್ರ.”

“ಇವಳು ನನ್ನ ಹೆಂಡತಿ ಮಾರಾಯ!”

“ಎಲ್ಲರೂ ಹಾಗೇ ಹೇಳ್ತಾರೆ ಧಣಿ. ನಂಬಬೇಡ ಅಂತ ನೀವೇ ಹೇಳಿದ್ದಲ್ವಾ?”

ಧಣಿಗಳ ಮುಖ ಕೆಂಪಾಯಿತು. ಬೆಳ್ಮಣ್ ಬಸ್ಸು ನನ್ನ ಕಣ್ಣೆದುರು ಬಂದು ನಿಂತಿತು.

“ನಂಬದಿರಲು ಕಾರಣ ಎಂತ?” ಎಂದು ಆ ಅಮ್ಮ ಕೇಳಿದರು.

“ನಿಮಗೆ ಎಂತ ಬೇಕು ಅಂತ ಅವರು ಕೇಳಿದರಲ್ಲ, ಅಮ್ಮ.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಇವನ ಕೆಲಸ ತೆಗೆಯಬೇಡಿ. ಮದುವೆಯಾದ ಮೇಲೆ ನೀವು ಹಾಗೆ ಕೇಳಿದ್ದು ಇವತ್ತೇ. ನಾನು ಯಾರ ಜೊತೆ ಬಂದಿದ್ದೇನೆ ಅಂತ ನನಗೇ ಸಂಶಯ ಬಂದಿತ್ತು!”