ಒಂದು ಕಾಲು ಹೊಸ್ತಿಲಾಚೆ

ಎಲ್ಲ ತಾಪತ್ರಯಕ್ಕೂ ಮೂಲ ಆ ಹಾಳು ಟ್ರೇಲರ್. ಎಲ್ಲರೂ ಹೊಗಳುವ, ಯಾರೂ ಓದದ ದೊಡ್ಡ ಕಾದಂಬರಿಯೊಂದು ಸಿನಿಮಾ ಆಗಿತ್ತು. ಹೋದ ವಾರ ತಿಕೋಟಾದ ಟೂರಿಂಗ್ ಟಾಕೀಸಿನಲ್ಲಿ ಅದರ ಟ್ರೇಲರ್ ತೋರಿಸಿದ್ದರು. ಅತ್ತೆಯ ಕಾಟ ತಾಳದ ಸೊಸೆ ಗಂಟು ಹಿಡಿದು ಒಂದು ಕಾಲನ್ನು ಹೊಸ್ತಿಲಾಚೆ ಇಡುತ್ತಾಳೆ. ಅಷ್ಟಕ್ಕೇ ಪರದೆ ಕಪ್ಪು. ಅಂದಿನಿಂದ ಊರಿಗೆ ಬೇರೆ ಮಾತೇ ಇಲ್ಲ.

ಟಾಂಗಾದಲ್ಲಿ ಕೂತು ಮೈಕಿನಲ್ಲಿ ಸಿನಿಮಾ ಸಾರುವವನು ಮಲಂಗಸಾಬ. ಅರ್ಧ ಕತೆ ಹೇಳಿ, "ಮುಂದೇನಾತು? ಪರದೆ ಮ್ಯಾಲ ನೋಡ್ರಿ!" ಎಂದು ಮುಂದಿನ ಓಣಿಗೆ ಟಾಂಗಾ ಬಿಡುವುದು ರೂಢಿ. ಇವತ್ತು ಬೆಳಿಗ್ಗೆ ಟಾಕೀಸಿನ ಮಾಲಕ ಭಾಗಪ್ಪ ಗುಡುಗಿದ್ದ: "ಇವತ್ತ ಸಂಜಿ ಆಟಕ್ಕ ಟೆಂಟ್ ತುಂಬಲಿಲ್ಲಂದ್ರ ನಾಳಿಂದ ಮೈಕ್ ಮುಟ್ಟಬ್ಯಾಡ ನೋಡು!"

ಕೊನೆ ತಿಳಿದಿದ್ದರೆ ಜನರನ್ನು ಸಂಭಾಳಿಸಬಹುದೆಂದು ಮಲಂಗಸಾಬ ಕನ್ನಡ ಮಾಸ್ತರ ಶಿವಶರಣಪ್ಪನವರ ಮನೆಗೆ ಓಡಿದ. ಆ ಕಾದಂಬರಿಯ ಮೇಲೆ ಭಾಷಣ ಮಾಡಿ ಶಾಲು ಹೊದಿಸಿಕೊಂಡವರು ಅವರು.

"ಮಾಸ್ತರ್ರ, ಆಕಿ ಮನಿ ಬಿಡ್ತಾಳೇನ್ರಿ?"

ಮಾಸ್ತರರು ಕೆಮ್ಮಿದರು. "ಕೊನಿ ಮುಖ್ಯ ಅಲ್ಲಪಾ. ಅದರಾಗಿನ ಮೌಲ್ಯ ಮುಖ್ಯ."

ಅವರೂ ಓದಿರಲಿಲ್ಲ, ಮತ್ತೇನು!

ಮೊದಲ ಓಣಿಯಲ್ಲೇ ಮೂವರು ಸೊಸೆಯರ ಅತ್ತೆ ನೀಲಾಬಾಯಿ ಟಾಂಗಾಕ್ಕೆ ಅಡ್ಡ ನಿಂತಳು. "ಆಕಿ ಮನಿ ಬಿಟ್ಟು ಹೋಗೂದಿದ್ರ ನಾ ಸೊಸ್ತ್ಯಾರನ್ನ ಕರಕೊಂಡು ಬರಂಗಿಲ್ಲ. ಇವರೂ ಕಲೀತಾರ."

"ಅಯ್ಯ, ಎಲ್ಲಿ ಹೋಗ್ತಾಳ್ರೀ ಅಕ್ಕಾರ! ತಿರುಗಿ ಬಂದು ಅತ್ತಿ ಕಾಲ ಹಿಡೀತಾಳ!"

ಬಾವಿಯ ಹತ್ತಿರ ಗುರುಬಸವ್ವ ಮತ್ತವಳ ಗೆಳತಿಯರು, ಎಲ್ಲರೂ ಹೊಸ ಸೊಸೆಯರು, ಟಾಂಗಾ ಸುತ್ತುವರಿದರು. "ಆಕಿ ಅತ್ತಿ ಕಾಲ ಹಿಡಿಯೂದಿದ್ರ ನೋಡಾಕ ರೊಕ್ಕ ಯಾಕ ಕೊಡೂಣು, ಕಾಕಾ? ಮನ್ಯಾಗ ದಿನಾ ಅದನ್ನ ಮಾಡಾಕತ್ತೇವಿ."

"ಹಿಡಿಯಂಗಿಲ್ಲವ್ವಾ! ಹೊಳ್ಳಿ ಸುದ್ದಾ ನೋಡದಂಗ ಹೋಗಿಬಿಡ್ತಾಳ!"

ಪೇಟೆಯಲ್ಲಿ ದ್ರಾಕ್ಷಿ ವ್ಯಾಪಾರಿ ಶಂಕ್ರೆಪ್ಪನಿಗೆ ಸೊಸೆಯ ಚಿಂತೆಯೇ ಇಲ್ಲ. "ಅದೆಲ್ಲಾ ಇರಲಿ. ಮನಿ ಯಾರ ಹೆಸರಿಗೆ ಆಗತೈತಿ?"

"ಮಗನ ಹೆಸರಿಗೇ ರೀ, ಸಾವಕಾರ್ರ!"

ಸಂಜೆಯ ಆಟಕ್ಕೆ ಟೆಂಟ್ ಕಿಕ್ಕಿರಿಯಿತು. ಮಲಂಗಸಾಬನಿಗೆ ಮಾತ್ರ ಒಳಗೆ ಕೂರುವ ಧೈರ್ಯವಿಲ್ಲ. ಸೊಸೆ ಹೋದರೆ ನೀಲಾಬಾಯಿ ಬಿಡುವುದಿಲ್ಲ, ಉಳಿದರೆ ಬಾವಿಕಟ್ಟೆಯ ಪಡೆ ಬಿಡುವುದಿಲ್ಲ. ಓಡಲು ಅನುಕೂಲವಾಗಲೆಂದು ಬಾಗಿಲ ಕಂಬ ಹಿಡಿದೇ ನಿಂತ.

ಮೂರು ತಾಸು ಸಿನಿಮಾದವರೆಲ್ಲ ಅತ್ತರು, ಹಾಡಿದರು, ಕಾದಂಬರಿಯಲ್ಲಿ ಖಂಡಿತ ಇರಲಾರದ ಹಿಮದ ಗುಡ್ಡದಲ್ಲಿ ಕುಣಿದರು. ಕಡೆಗೆ ಸೊಸೆ ಗಂಟು ಹಿಡಿದಳು, ಒಂದು ಕಾಲು ಹೊಸ್ತಿಲಾಚೆ ಇಟ್ಟಳು. ಪರದೆಯ ಮೇಲೆ ಅಕ್ಷರ ಮೂಡಿತು: 'ಉಳಿದ ಕತೆ ಎರಡನೆಯ ಭಾಗದಲ್ಲಿ.' ಟ್ರೇಲರ್ ಮೂರು ನಿಮಿಷದಲ್ಲಿ ಮುಟ್ಟಿದಲ್ಲಿಗೆ ಸಿನಿಮಾ ಮೂರು ತಾಸಿನಲ್ಲಿ ಮುಟ್ಟಿತ್ತು!

ಮಲಂಗಸಾಬನಿಗೆ ಹೋದ ಜೀವ ಬಂದಂತಾಯಿತು. ಇನ್ನು ಅವನನ್ನು ಸುಳ್ಳ ಎನ್ನುವವರು ಯಾರು? ಭಾಗಪ್ಪನೂ ಖುಷಿಯಿಂದ ಬಾಗಿಲಲ್ಲಿ ನಿಂತು ಕೂಗಿದ: "ಎರಡನೇ ಭಾಗ ನಾನಽ ತರಾಂವ! ಬರೂ ವಾರ ಎಲ್ಲಾರೂ ಬರ್ರಿ!"

"ಯಾಕ್ ಬರೂದು?" ಎಂದಳು ನೀಲಾಬಾಯಿ. "ಆಕಿ ತಿರುಗಿ ಬರ್ತಾಳ. ಮಲಂಗಸಾಬ ಹೇಳ್ಯಾನ."

ಗುರುಬಸವ್ವ ಸೆರಗಿನ ಮರೆಯಲ್ಲಿ ನಕ್ಕು, "ಏನ್ ಆಗತೈತಿ ಅಂತ ನಮಗ ಗೊತ್ತೈತಿ" ಎಂದು ಹೊರಟಳು.

ಶಂಕ್ರೆಪ್ಪ ಚಪ್ಪಲಿ ಮೆಟ್ಟಿದ. "ಮನಿ ಮಗನ ಹೆಸರಿಗೆ ಆಗತೈತಲ್ಲ. ಇನ್ನೇನ್ ನೋಡೂದೈತಿ?"

ಭಾಗಪ್ಪ ನಿಧಾನಕ್ಕೆ ಮಲಂಗಸಾಬನತ್ತ ತಿರುಗಿದ.

"ಟೆಂಟ್ ತುಂಬಿತ್ತಲ್ರೀ, ಮಾಲಕರ..." ಎಂದ ಮಲಂಗಸಾಬ.

"ಇವತ್ತಿಂದು ತುಂಬಿಸಿದಿ, ಬರೂ ವಾರದ್ದು ಖಾಲಿ ಮಾಡಿದಿ. ಲೇ, ಮೈಕ್ ಇಳಸು!"