ಆಗದ ಉತ್ತರ ಮೊದಲು ಹೇಳು

ನನ್ನ ಸೋದರಮಾವ ಜೀವಮಾನವೆಲ್ಲ ಗಣಿತದ ಮೇಷ್ಟರಾಗಿದ್ದರು. ಆದರೆ ಯಾವ ಲೆಕ್ಕಕ್ಕೂ, ಯಾರಿಗೂ ನೇರವಾಗಿ ಉತ್ತರ ಹೇಳಿದವರಲ್ಲ! ಹಾಗಂತ ಅವರಿಗೆ ಗಣಿತ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಅವರ ಪಾಠ ಕೇಳಿದವರು ಈಗಲೂ ಕಂಡಲ್ಲಿ ಕೈಮುಗಿಯುತ್ತಾರೆ. ಅವರದು ಒಂದೇ ಹಟ. ಉತ್ತರ ಎಷ್ಟು ಎಂದು ಹುಡುಕುವ ಮೊದಲು, ಎಷ್ಟು ಆಗಿರಲು ಸಾಧ್ಯವೇ ಇಲ್ಲ ಎಂಬುದನ್ನು ಹೇಳಬೇಕು. ಸೂತ್ರ ಗೀತ್ರ ಎಲ್ಲ ಆಮೇಲೆ.

ದೇವನೂರಿನ ನಮ್ಮ ಮನೆಗೆ ಅವರು ಬಂದರೆಂದರೆ ನಾನು ಲೆಕ್ಕದ ಪುಸ್ತಕ ಬಚ್ಚಿಡುತ್ತಿದ್ದೆ. ಒಂದು ಭಾನುವಾರ ಜಗುಲಿಯಲ್ಲಿ ಲೆಕ್ಕ ಮಾಡುತ್ತಿದ್ದೆ. ಹತ್ತು ಆಳು ಒಂದು ಗದ್ದೆಯ ಕಳೆಯನ್ನು ಆರು ದಿನದಲ್ಲಿ ಕಿತ್ತರೆ, ಹದಿನೈದು ಆಳು ಎಷ್ಟು ದಿನದಲ್ಲಿ ಕೀಳುತ್ತಾರೆ? ಒಂಬತ್ತು ಎಂದು ಬರೆದಿದ್ದೆ.

"ಆಳು ಜಾಸ್ತಿ ಆದ್ರೆ ದಿನಾನೂ ಜಾಸ್ತಿ ಆಯ್ತದಾ ಅಮ್ಮಿ? ಯಾವೂರಲ್ಲಿ?" ಎಂದರು ಮಾವ.

ಒಳಗಿನಿಂದ ಅವ್ವ ಕೂಗಿದಳು. "ನಮ್ಮ ಗದ್ದೆಗೆ ಬರೋರಾದ್ರೆ ಒಂಬತ್ತೇ ಸರಿ ಕಣ್ಲಾ! ಬಾಯಿ ಜಾಸ್ತಿ ಆದ್ಮೇಲೆ ಕೈ ಎಲ್ಲಾಡ್ತದೆ?"

"ನೀ ಸುಮ್ಕಿರಕ್ಕ. ಅಮ್ಮಿ, ಆರು ದಿನ ದಾಟಕ್ಕಿಲ್ಲ ಅಂತ ಮೊದ್ಲು ಬರ್ಕೊ. ಆಮೇಲೆ ಲೆಕ್ಕಕ್ಕೆ ಕೈ ಆಕು."

ನಾಲ್ಕು ಎಂಬ ಉತ್ತರಕ್ಕೆ ನಾನು ತಲುಪುವಷ್ಟರಲ್ಲಿ ತಟ್ಟೆಯಲ್ಲಿದ್ದ ಮುದ್ದೆ ತಣ್ಣಗಾಗಿತ್ತು.

ಈ ಚಾಳಿ ಶಾಲೆಯಲ್ಲೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಮದುವೆ ಮನೆಯಲ್ಲಿ ಅಡುಗೆಯವನು ಅಕ್ಕಿ ಎಷ್ಟು ಬೇಕಾದೀತು ಎಂದರೆ, "ಒಂದು ಮೂಟೆ ಸಾಲಕ್ಕಿಲ್ಲ, ಅತ್ತು ಮೂಟೆ ಬೇಕಾಗಕ್ಕಿಲ್ಲ" ಎನ್ನುವರು. "ಇಷ್ಟ ಯೋಳಕ್ಕೆ ಮೇಷ್ಟ್ರೇ ಬೇಕಾ ಸಾ?" ಎಂದು ಅವನು ಸೌಟು ಎತ್ತಿಕೊಂಡು ಹೋಗುತ್ತಿದ್ದ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಂತೂ ಒಮ್ಮೆ ಯಾರೋ ಮೈಸೂರು ಬಸ್ಸು ಯಾವಾಗ ಎಂದು ಕೇಳಿದರು. ಡ್ರೈವರು ಈಗಷ್ಟೇ ಇಡ್ಲಿಗೆ ಕೂತಿದ್ದಾನೆ, ಇಡ್ಲಿಯ ಮೇಲೆ ಕಾಫಿಯೂ ಆಗಬೇಕು, ಆದ್ದರಿಂದ ಬಸ್ಸು ಈಗಲೇ ಹೊರಡಲು ಸಾಧ್ಯವಿಲ್ಲ ಎಂದು ಮಾವ ಸಾಕ್ಷ್ಯಾಧಾರ ಸಮೇತ ವಿವರಿಸಿದರು. ವಿವರಣೆ ಮುಗಿಯುವ ಹೊತ್ತಿಗೆ ಅವರ ಸ್ವಂತ ನರಸೀಪುರದ ಬಸ್ಸು ಹೊರಟುಹೋಗಿತ್ತು!

ಇಂಥವರ ಸೋದರಸೊಸೆಯಾದ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದೆ. ಯಾವುದರಲ್ಲಿ ಅಂತ ಬೇರೆ ಹೇಳಬೇಕೇ? ಅಣ್ಣಂದಿರ ಕೆಳಗೆ ಹುಟ್ಟಿದ ಕೊನೆಯವಳು ನಾನು. "ಇಷ್ಟು ಓದಿದ್ದು ಸಾಕು" ಎಂದ ಅಪ್ಪ, ವಾರ ಕಳೆಯುವುದರೊಳಗೆ ನರಸೀಪುರದ ಕಡೆಯ ಒಂದು ಗಂಡನ್ನು ಗೊತ್ತುಮಾಡಿಬಿಟ್ಟ. ನನಗೆ ಓದುವ ಆಸೆ ಇತ್ತು. ಆದರೆ ಫೇಲಾದವಳ ಮಾತಿಗೆ ಬೆಲೆ ಎಲ್ಲಿ? ಒಳಕೋಣೆಯಲ್ಲಿ ಸೀರೆ ಉಡಿಸಿಕೊಳ್ಳುತ್ತಾ ಅಳುತ್ತಿದ್ದೆ.

ಗಂಡಿನ ಕಡೆಯವರು ಉಪ್ಪಿಟ್ಟಿಗೆ ಕೈ ಹಾಕಿದ್ದರು. ಆಗ ಮಾವ ಬಾಗಿಲಲ್ಲಿ ಪ್ರತ್ಯಕ್ಷರಾದರು. ಅವ್ವ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದಳು ಎಂದು ಆಮೇಲೆ ಗೊತ್ತಾಯಿತು. ಮಾವನನ್ನು ಕಂಡದ್ದೇ ತಡ, ಮದುವೆಗಂಡು ತಟ್ಟೆ ಹಿಡಿದುಕೊಂಡೇ ಎದ್ದು ನಿಂತ. "ನಮಸ್ಕಾರ ಸಾ!" ಅವನು ಮಾವನ ಹಳೆಯ ಶಿಷ್ಯ!

"ಕೂತ್ಕೊ, ಕೂತ್ಕೊ. ಬ್ಯಾಡ, ನಿಂತ್ಕೊ. ವಯಸ್ಸೆಷ್ಟು ನಿಂಗೆ?"

"ಇಪ್ಪತ್ತೆಂಟು ಸಾ."

"ಉಡುಗೀಗೆ ಅದಿನಾರು. ನಿನ್ನ ವಯಸ್ಸು ಅವಳ ವಯಸ್ಸಿನ ಮೂರರಷ್ಟು ಇದ್ದದ್ದು ಯಾವಾಗ?"

ಗಂಡು ಸೂರು ನೋಡಿದ. ತುಟಿ ಅಲ್ಲಾಡಿತು. "ಅತ್ತು ವರ್ಷದ ಇಂದೆ ಸಾ. ನಂಗೆ ಅದಿನೆಂಟು, ಅವ್ರಿಗೆ ಆರು."

"ಸರಿ. ನೀನು ಅದಿನೆಂಟಕ್ಕೆ ಏನ್ ಮಾಡ್ತಿದ್ದೆ?"

"ಕಾಲೇಜು ಓಗ್ತಿದ್ದೆ ಸಾ."

"ಅವಳಿಗಿನ್ನೂ ಅದಿನೆಂಟೇ ಆಗಿಲ್ಲ. ಈಗ ಯೋಳು, ಈ ಲೆಕ್ಕಕ್ಕೆ ಆಗದ ಉತ್ತರ ಯಾವ್ದು?"

ಗಂಡು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. "ಈ ಮದ್ವೆ ಸಾ."

ಅವನ ದೊಡ್ಡಪ್ಪ ಅವನನ್ನು ದುರುಗುಟ್ಟಿ ನೋಡಿದ. ಶಿಷ್ಯ ಮಾತ್ರ ಮೇಷ್ಟರ ಮುಖ ನೋಡುತ್ತಿದ್ದ, ಸರಿಯೋ ತಪ್ಪೋ ಎಂದು!

ಅವರು ಹೊರಟ ಮೇಲೆ ಅಪ್ಪ ಕುಣಿದಾಡಿದ. "ಮನೆ ಬಾಗ್ಲಿಗೆ ಬಂದ ಸಂಬಂಧ ಕೆಡಿಸಿದ್ಯಲ್ಲಯ್ಯಾ!" ಮಾವ ಮೆಲ್ಲಗೆ ಹೇಳಿದರು. "ಇನ್ನೊಂದು ಸಲ ಪರೀಕ್ಷೆಗೆ ಕಟ್ಟಿಸಿ ಬಾವ. ಪಾಠ ನಾನು ಯೋಳ್ಕೊಡ್ತೀನಿ." ಪಾಸಾದರೆ ಕಾಲೇಜು, ಅದರಲ್ಲೂ ಫೇಲಾದರೆ ತಾನು ತೋರಿಸಿದವನಿಗೆ ನಾನು ಕುತ್ತಿಗೆ ಕೊಡಬೇಕು, ಆಗ ಯಾರೂ ಬಾಯಿ ಹಾಕಕೂಡದು ಎಂದು ಅಪ್ಪ ಷರತ್ತು ಹಾಕಿದ. ಮಾವ ಒಪ್ಪಿಕೊಂಡರು.

ಅಲ್ಲಿಂದ ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಮಾವ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಜಗುಲಿಯಲ್ಲಿ ನನ್ನ ಪಾಠ, ಬಾಗಿಲ ಸಂದಿಯಲ್ಲಿ ಅವ್ವನ ಅವರೆಕಾಯಿ ಸುಲಿಯುವ ಕೆಲಸ. ಅವರೆಕಾಯಿ ಕಾಲ ಮುಗಿದ ಮೇಲೂ ಅವ್ವ ಅಲ್ಲೇ ಕೂರುತ್ತಿದ್ದಳು. ಪರೀಕ್ಷೆ ಬರೆದೆ. ಪಾಸಾದೆ! ಅಪ್ಪ ಮಾತಿಗೆ ತಪ್ಪಲಿಲ್ಲ, ಕಾಲೇಜಿಗೆ ಕಳಿಸಲು ಒಪ್ಪಿದ.

ಅಂದು ಮಾವನನ್ನು ಕೇಳಿದೆ. "ಮಾವ, ಈ ಆಗದ ಉತ್ತರದ ದಾರಿ ನಿಮಗೆ ಯಾರು ಹೇಳಿಕೊಟ್ಟದ್ದು?"

ಮಾವ ಅಡುಗೆಮನೆಯ ಕಡೆ ನೋಡಿದರು. "ನಿಮ್ಮವ್ವ ಕಣಮ್ಮಿ. ನಾನು ಮೂರನೇ ಕ್ಲಾಸು. ಲೆಕ್ಕ ಬರಕ್ಕಿಲ್ಲ ಅಂತ ಅಳ್ತಾ ಕೂತ್ರೆ, ಆಗದ್ದ ಮೊದ್ಲು ಯೋಳ್ಲಾ ಅನ್ನೋಳು. ಅವಳು ಏಳನೇ ಕ್ಲಾಸಲ್ಲಿದ್ದಾಗ ಬಿಡಿಸಿ ಮದ್ವೆ ಮಾಡ್ಬುಟ್ರು. ಆವತ್ತು ಓಳಿಗೆ ತಿಂದ್ಕೊಂಡು ಕುಣೀತಿದ್ದೆ ನಾನು. ಇದು ಆಗದ ಉತ್ತರ ಅಂತ ಯೋಳಕ್ಕೆ ನಂಗೆ ಗೊತ್ತಾಗ್ಲಿಲ್ಲ."

ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸುತ್ತಾ ಬಂದು, ನಾನು ಪಾಸಾದ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಕೇಳಿ ಇಸಿದುಕೊಂಡಳು. ಜಗುಲಿಯ ಬೆಳಕಿಗೆ ಹಿಡಿದು, ಒಂದು ಲೆಕ್ಕದ ಮೇಲೆ ಬೆರಳಿಟ್ಟು, ಓದು ಬಿಟ್ಟು ಎಷ್ಟೋ ವರ್ಷವಾಗಿದ್ದರಿಂದ ಅಕ್ಷರ ಕೂಡಿಸಿಕೊಂಡು ಓದಿದಳು. ಆಯತಾಕಾರದ ಹೊಲದ ವಿಸ್ತೀರ್ಣವನ್ನೂ ಉದ್ದವನ್ನೂ ಕೊಟ್ಟಿದ್ದರು, ಅಗಲ ಕೇಳಿದ್ದರು.

"ಇದು ಉದ್ದಕ್ಕಿಂತ ಜಾಸ್ತಿ ಬರಕ್ಕಿಲ್ಲ, ಅಲ್ವೇನ್ಲಾ?" ಎಂದು ತಮ್ಮನನ್ನು ಕೇಳಿದಳು.

ಮಾವ ಮರುಪ್ರಶ್ನೆ ಹಾಕಲಿಲ್ಲ.

"ಬರಕ್ಕಿಲ್ಲ ಕಣಕ್ಕ. ನೀ ಯೋಳಿದ್ದೇ ಸರಿ."