ಕೂರದ ಅಳಿಯ

ಮುನೇಶನಿಗೆ ನೋವು ಬಂದದ್ದು ಹೇಳಿಕೊಳ್ಳುವಂಥ ಜಾಗದಲ್ಲಲ್ಲ. ಕೈಗೋ ಕಾಲಿಗೋ ಬಂದಿದ್ದರೆ ಪಟ್ಟಿ ಕಟ್ಟಿಕೊಂಡು ಊರಿಗೆಲ್ಲ ತೋರಿಸಬಹುದಿತ್ತು. ಕೊಟ್ಟಿಗೆಯ ಸಗಣಿಯಲ್ಲಿ ಜಾರಿ ಬಿದ್ದವನಿಗೆ ನೋವು ಬಲಗಡೆಯ ಪಿರ್ರೆಯಲ್ಲೇ ಮನೆ ಮಾಡಿತು. ನಿಂತರೆ ಪರವಾಗಿಲ್ಲ, ಕೂತರೆ ಕೆಂಡ.

ಬೆಳಿಗ್ಗೆ ಆಂಡರ್ಸನ್‌ಪೇಟೆಯ ಫಿಸಿಯೋಥೆರಪಿ ವನಿತಾ ಅವನನ್ನು ಬೋರಲು ಮಲಗಿಸಿ, ನೋವಿನ ಗಂಟನ್ನು ಮೊಣಕೈಯಿಂದ ಒತ್ತಿದಳು. ಮುನೇಶ್ ಮನೆದೇವರನ್ನೆಲ್ಲ ಕರೆದ.

"ಅಯ್ಯೋ ಸಾಮಿ, ಬೇತಮಂಗಲ ಕಡೆಯೋರಿಗೆಲ್ಲ ಇದೇ ಜಾಗಾನಾ? ನಿಮ್ಮೂರಿಂದ ಇನ್ನೊಬ್ರೂ ಬರ್ತಾರೆ," ಎಂದು ನಕ್ಕು, ಮಂಡಿಯನ್ನು ಎದೆಗೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟಳು. "ದಿನಾ ಮಾಡಿ ಅಣ್ಣಾ. ಇವತ್ತು ಕೂರಬೇಡಿ, ಓಡಾಡ್ಕೊಂಡಿರಿ. ಗಟ್ಟಿ ಕುರ್ಚಿ ಅಂತೂ ಬೇಡವೇ ಬೇಡ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದ. ಮನೆ ಮುಂದೆಯೂ ನಿಂತೇ ಇದ್ದ. ಪಕ್ಕದ ಮನೆ ಚಿಕ್ಕವೆಂಕಟಮ್ಮ ಸುಮ್ಮನಿರುತ್ತಾಳೆಯೇ?

"ಏನೇ ಕಲ್ಪನಾ, ನಿನ್ ಗಂಡ ಜಗಲಿ ಮ್ಯಾಗೂ ಕುಂತ್ಕೊಳ್ತಿಲ್ಲ?"

ಹೆಂಡತಿ ಕಲ್ಪನಳಿಗೆ ಆ ಜಾಗದ ಹೆಸರು ಬಾಯಿಗೆ ಬರಲಿಲ್ಲ. "ಅವ್ರು ನಿಂತವ್ರೆ ಕಣಕ್ಕ. ಯಾರ್ ಯೋಳಿದ್ರೂ ಕೂರಲ್ಲ."

ಅವತ್ತು ಹಾಲಿನ ಡೇರಿ ಅಧ್ಯಕ್ಷರ ಆಯ್ಕೆ. ಮಾತು ಹಾಲಿನ ಕ್ಯಾನಿಗಿಂತ ಮುಂಚೆ ಡೇರಿ ತಲುಪಿತು. ಮುನೇಶ್ ಅಧ್ಯಕ್ಷಗಿರಿಗೆ ನಿಂತಿದ್ದಾನೆ! ಅದೂ, ವರ್ಷಗಳಿಂದ ಅಧ್ಯಕ್ಷರಾಗಿರುವ ಸ್ವಂತ ಮಾವ ಶ್ರೀರಾಮಪ್ಪನವರ ಮೇಲೆ!

ಸುದ್ದಿ ಮುನೇಶನ ಕಿವಿಗೂ ಬಿತ್ತು. ತನ್ನನ್ನು ಡೇರಿ ಡೈರೆಕ್ಟರ್ ಮಾಡಿದವರೇ ಮಾವ. ಅವರು ಮುನಿದರೆ ಕಲ್ಪನಳ ತವರಿನ ಬಾಗಿಲು ಮುಚ್ಚಿದಂತೆ. ನಿಜ ಹೇಳೋಣವೆಂದರೆ, ಹೆಂಗಸೊಬ್ಬಳು ಪಿರ್ರೆ ಒತ್ತಿದಳೆಂದು ಮಾವನ ಮುಂದೆ ಹೇಳುವುದು ಹೇಗೆ? ಸಭೆಯಲ್ಲಿ ಹೇಗಾದರೂ ಕೂತುಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡು ಹೊರಟ.

ಡೈರೆಕ್ಟರುಗಳೆಲ್ಲ ಬೆಂಚುಗಳ ಮೇಲೆ ಕೂತಿದ್ದರು. ಮುನೇಶ್ ಬಾಗಿಲಿಗೆ ಒರಗಿದ್ದ. ಕಾರ್ಯದರ್ಶಿ ಚಲಪತಿ ಕೇಳಿದ, "ಅಧ್ಯಕ್ಷಗಿರಿಗೆ ಯಾರ್ಯಾರು ನಿಂತಿದ್ದೀರಾ?"

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಏನಪ್ಪಾ ಅಳಿಯಾ, ನಿಂತಿದ್ದೀಯಂತೆ?" ಶ್ರೀರಾಮಪ್ಪ ಗುಡುಗಿದರು.

"ಅಯ್ಯೋ, ಇಲ್ಲ ಮಾವ!"

"ಅಂಗಾರೆ ಕುಂತ್ಕೊ."

ಮುನೇಶ್ ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಕೂತ. ಕೂತಷ್ಟೇ ವೇಗದಲ್ಲಿ ಸ್ಪ್ರಿಂಗಿನಂತೆ ಎದ್ದು ಕಿರುಚಿದ: "ಆಗಲ್ಲ ಮಾವ! ಪ್ರಾಣ ಓದ್ರೂ ಕೂರಕ್ಕಾಗಲ್ಲ!"

ಮಾವ ಎದ್ದು ಬಂದರು. ಏಟು ಬಿತ್ತೆಂದು ಮುನೇಶ್ ಕಣ್ಣು ಮುಚ್ಚಿದ. ಕೊರಳಿಗೆ ಬಿದ್ದದ್ದು ಅಧ್ಯಕ್ಷರಿಗೆಂದು ತಂದಿಟ್ಟಿದ್ದ ಹಾರ.

"ಗಂಡಸು ಅಂದ್ರೆ ಇಂಗಿರ್ಬೇಕು! ನಾನು ಬಿಟ್ಕೊಟ್ಟೆ. ಅವಿರೋಧ ಅಂತ ಬರ್ಕೊ ಚಲಪತಿ."

ಚಪ್ಪಾಳೆಯೋ ಚಪ್ಪಾಳೆ. ಮಾವ ಅವನ ಭುಜ ಹಿಡಿದು ಅಧ್ಯಕ್ಷರ ತೇಗದ ಕುರ್ಚಿಯಲ್ಲಿ ಅಮುಕಿ ಕೂರಿಸಿದರು. ಮುನೇಶನ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು. ಆನಂದಬಾಷ್ಪ ಎಂದುಕೊಂಡರು ಜನ.

ಮಾವ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ದೇವ್ರಂಗೆ ಬಂದೆ ಕಣಪ್ಪ. ಈ ಆಳಾದ್ ಕುರ್ಚೀಲಿ ಕುಂತು ಕುಂತು ನನ್ ಪಿರ್ರೆ ಸತ್ತೋಗಿತ್ತು. ನಿಂಗೂ ನೋವು ಬಂದ್ರೆ ಆಂಡರ್ಸನ್‌ಪೇಟೇಲಿ ವನಿತಾ ಅಂತ ಒಬ್ಬಮ್ಮ ಅವ್ಳೆ, ಮೊಣಕೈಲಿ ಒತ್ತುತಾಳೆ. ನಿಮ್ಮತ್ತೆಗೆ ಮಾತ್ರ ಯೋಳ್ಬೇಡ."